ಬಾಗಿಲು ತೆರೆದಿದೆ, ಒಳಗೆ ಬಾರದವರು ಯಾರು? ಮುಂಬಯಿ ಕಾಲೇಜುಗಳ ಆಪ್ತಸಮಾಲೋಚನೆಯನ್ನು ಎಲ್ಲರದಾಗಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಕಾಲೇಜಿನಲ್ಲಿ ಕೌನ್ಸೆಲಿಂಗ್ ಶುರುವಾದ ಮೊದಲ ವರ್ಷ, ಕೌನ್ಸೆಲರ್ ಆಗಿದ್ದ ನನಗೆ ಚಹಾ ಕುಡಿಯಲೂ ಪುರುಸೊತ್ತು ಇರಲಿಲ್ಲ. ಒಬ್ಬರು ಹೋಗುವಷ್ಟರಲ್ಲಿ ಇನ್ನೊಬ್ಬರು ಬೆಂಚಿನ ಮೇಲೆ ಕಾಯುತ್ತಿರುತ್ತಿದ್ದರು. ಏಪ್ರಿಲ್‌ನಲ್ಲಿ ರಿಜಿಸ್ಟರ್ ತೆಗೆದು ನೋಡಿದೆ. ಬಂದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ, ಮನೆಯಲ್ಲಿ ತಮಗೊಂದು ಕೋಣೆಯಿರುವ ಹುಡುಗಿಯರು. ಬೆಳಗಿನ ಕಾಮರ್ಸ್ ವಿಭಾಗದಿಂದ ಬಂದವರು ಬೆರಳೆಣಿಕೆಯಷ್ಟು. ಧಾರಾವಿ, ಗೋವಂಡಿ, ಮಾನ್‌ಖುರ್ದ್‌ನ ಬಡ ಬಸ್ತಿಗಳ ಕಡೆಯಿಂದ ಬರುವ, ಮನೆಯಲ್ಲಿ ಕಲಬುರಗಿ ಕನ್ನಡವನ್ನೋ ಲಂಬಾಣಿಯನ್ನೋ ಆಡುವ ಮಕ್ಕಳು ನಮ್ಮ ಕಾಲೇಜಿನಲ್ಲಿ ಸಾಕಷ್ಟಿದ್ದಾರೆ. ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ನಾನೇ ಕನ್ನಡದವಳು. ನನ್ನ ಅಪ್ಪ ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಆದರೂ ನನ್ನ ಬಾಗಿಲ ಮುಂದಿನಿಂದ ಆ ಮಕ್ಕಳು ದಿನವೂ ನಡೆದು ಹೋಗುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಎಡವುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೌನ್ಸೆಲಿಂಗ್ ಕೇಂದ್ರ ಕಟ್ಟಲು ಹೊರಟ ಪ್ರಾಧ್ಯಾಪಕರಿಗೆ, ಕಾಲೇಜು ನಡೆಸುವ ನಮ್ಮ ಸಂಘಗಳ ಆಡಳಿತ ಮಂಡಳಿಯವರಿಗೆ, ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಉಪಯೋಗವಾದೀತು. ಪುಣೆಯಲ್ಲೋ ಗೋವೆಯಲ್ಲೋ ಇರುವವರು ಊರಿನ ಹೆಸರು ಬದಲಿಸಿಕೊಂಡು ಓದಬಹುದು.

ಮೊದಲ ಕೆಲಸ: ಬಾರದವರನ್ನು ಎಣಿಸಿ

ಬಂದವರ ಸಂಖ್ಯೆ ಆಡಳಿತ ಮಂಡಳಿಗೆ ಇಷ್ಟ, ಕಾಲೇಜುಗಳ ಗುಣಮಟ್ಟ ಅಳೆಯುವಾಗ ವಿದ್ಯಾರ್ಥಿ ಬೆಂಬಲದ ಲೆಕ್ಕ ಕೇಳುವ ನ್ಯಾಕ್ ಸಂಸ್ಥೆಗೂ ಬೇಕು. ನಿಮಗೆ ಬೇಕಾದದ್ದು ಬೇರೆ. ಆಫೀಸಿನಿಂದ ಪ್ರವೇಶದ ಒಟ್ಟು ಅಂಕಿ ತೆಗೆದುಕೊಳ್ಳಿ. ಯಾವ ವಿಭಾಗದಲ್ಲಿ ಎಷ್ಟು ಮಂದಿ, ಬೆಳಗಿನ ಪಾಳಿಯಲ್ಲಿ ಎಷ್ಟು, ಸಂಜೆಯಲ್ಲಿ ಎಷ್ಟು, ಹತ್ತನೆಯವರೆಗೆ ಯಾವ ಮಾಧ್ಯಮ, ಸ್ಕಾಲರ್‌ಶಿಪ್ ಪಡೆಯುವವರು ಎಷ್ಟು. ಹೆಸರು ಬೇಡ, ಮೊತ್ತ ಸಾಕು. ಪಕ್ಕದಲ್ಲಿ ನಿಮ್ಮ ರಿಜಿಸ್ಟರಿನ ಅಂಕಿ ಬರೆಯಿರಿ. ಎಲ್ಲಿ ಸೊನ್ನೆ ಕಾಣುತ್ತದೋ ಅಲ್ಲಿಂದ ನಿಮ್ಮ ಕೆಲಸ ಶುರು.

ಜಾತಿ, ಧರ್ಮ, ವರಮಾನವನ್ನು ಕೌನ್ಸೆಲಿಂಗ್ ಫಾರ್ಮಿನಲ್ಲಿ ಕೇಳಲೇಬೇಡಿ. ಮುಂಬಯಿಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಯೊಂದಿದೆ: 'ಯಾವ ಸ್ಟೇಷನ್ನಿನಿಂದ ಬರ್ತೀರಿ, ಮನೆಯಿಂದ ಎಷ್ಟು ಗಂಟೆಗೆ ಹೊರಡ್ತೀರಿ?' ಕಲ್ಯಾಣದಾಚೆಯಿಂದ ನಸುಕಿನ ಗಾಡಿ ಹಿಡಿದು ಬರುವವಳಿಗೂ ಹತ್ತು ನಿಮಿಷ ನಡೆದು ಬರುವವಳಿಗೂ ಇರುವ ವ್ಯತ್ಯಾಸ ಅದರಲ್ಲೇ ತಿಳಿಯುತ್ತದೆ. ಯಾರಿಗೂ ಮುಜುಗರವಿಲ್ಲ.

ಆಮೇಲೆ ಕೋಣೆ ಬಿಟ್ಟು ಹೊರಗೆ ಬನ್ನಿ. ಕ್ಯಾಂಟೀನ್, ಎನ್‌ಎಸ್‌ಎಸ್ ಶಿಬಿರ, ಗ್ರಂಥಾಲಯದ ಹಿಂದಿನ ಮೆಟ್ಟಿಲು, ಬಾರದವರು ಕೂರುವ ಜಾಗಗಳೆಲ್ಲ ನಿಮಗೆ ಗೊತ್ತಿರುತ್ತವೆ. 'ಯಾಕೆ ಬರೋದಿಲ್ಲ' ಎಂದು ನೇರವಾಗಿ ಕೇಳಿದರೆ 'ಹಂಗೇನಿಲ್ಲ ಮೇಡಂ' ಎಂಬ ಉತ್ತರ ಖಚಿತ. 'ನಿಮ್ಮ ಕ್ಲಾಸಿನವರು ಬರಬೇಕೂಂದ್ರೆ ಏನು ಬದಲಾಗಬೇಕು' ಎಂದು ಕೇಳಿದರೆ ಮಾತು ಬರುತ್ತದೆ. ನನಗೆ ಸಿಕ್ಕ ಉತ್ತರಗಳಲ್ಲಿ ಎರಡು ಮಾತ್ರ ಹೇಳುತ್ತೇನೆ. 'ನಿಮ್ಮ ಕೋಣೆ ಪ್ರಿನ್ಸಿಪಾಲರ ಕ್ಯಾಬಿನ್ ಪಕ್ಕ ಇದೆ, ಅಲ್ಲಿ ಕೂತವರನ್ನು ಏನೋ ತಪ್ಪು ಮಾಡಿ ಬಂದವರು ಅಂತ ನೋಡ್ತಾರೆ.' ಇನ್ನೊಂದು: 'ನೀವು ಇಂಗ್ಲಿಷಿನಲ್ಲಿ ಶುರು ಮಾಡ್ತೀರಿ.' ಎರಡನೆಯದನ್ನು ಕೇಳಿ ಆ ದಿನ ಊಟ ರುಚಿಸಲಿಲ್ಲ.

ಆಡಳಿತ ಮಂಡಳಿಯನ್ನು ಒಪ್ಪಿಸುವುದು

ಜಾಗ, ಸಮಯ, ಹಣ ಯಾವುದನ್ನು ಕೇಳಿದರೂ 'ಮುಂದಿನ ವರ್ಷ ನೋಡೋಣ' ಎನ್ನುತ್ತಾರೆ. ಆಗ ಕೈಯಲ್ಲಿ ಕಾಗದವಿರಲಿ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದರೆ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಏರ್ಪಾಡು ಮಾಡಿಕೊಳ್ಳಬೇಕು. ಬೋಧಕ, ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿಯಾಗಬೇಕು. ದಲಿತ, ಆದಿವಾಸಿ, ಹಿಂದುಳಿದ ವರ್ಗಗಳ ಮಕ್ಕಳು, ಅಂಗವಿಕಲರು, ಲೈಂಗಿಕ ಅಲ್ಪಸಂಖ್ಯಾತರು ಇವರೊಂದಿಗೆ ಭೇದವಿಲ್ಲದೆ ನಡೆದುಕೊಳ್ಳುವುದನ್ನು ಕಲಿಸಬೇಕು ಎಂದೂ ಅದರಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಜಾತಿ, ಧರ್ಮ, ಲಿಂಗ, ಲೈಂಗಿಕ ಒಲವು, ವರ್ಗ, ಅಂಗವೈಕಲ್ಯ ಯಾವುದರ ಮೇಲೂ ತಾರತಮ್ಯವಿಲ್ಲದ ಸೇವೆಯನ್ನು ಹಕ್ಕಾಗಿಯೇ ಕೊಟ್ಟಿದೆ.

ಟ್ರಸ್ಟಿಗಳ ಮುಂದೆ ಮಾನವೀಯತೆಯ ಭಾಷಣಕ್ಕಿಂತ ಈ ಎರಡು ಪುಟ ಹೆಚ್ಚು ಕೆಲಸ ಮಾಡುತ್ತವೆ. ಇದು ನನ್ನ ಅನುಭವ, ಬೇಕಾದರೆ ಸಿನಿಕತನ ಎನ್ನಿ.

ಕೋಣೆ ಮತ್ತು ಗಡಿಯಾರ

ಮುಂಬಯಿಯಲ್ಲಿ 'ಪ್ರತ್ಯೇಕ ಶಾಂತ ಕೋಣೆ' ಎನ್ನುವುದೇ ತಮಾಷೆ. ನನಗೆ ಸಿಕ್ಕಿದ್ದು ಹಳೆಯ ಕ್ರೀಡಾ ಸಾಮಗ್ರಿಯ ಗೋದಾಮು. ಆದರೆ ಅದೇ ವರವಾಯಿತು, ಅತ್ತ ಕಡೆ ಎಲ್ಲರೂ ಏನಾದರೊಂದು ನೆಪದಲ್ಲಿ ಬರುತ್ತಾರೆ. ಆರಿಸುವಾಗ ಮೂರು ನೋಡಿ: ಪ್ರಿನ್ಸಿಪಾಲ್, ಶಿಸ್ತು ಸಮಿತಿ, ಪರೀಕ್ಷಾ ವಿಭಾಗಗಳಿಂದ ದೂರವಿರಲಿ, ಗಾಲಿಕುರ್ಚಿ ಬಾಗಿಲಲ್ಲಿ ಸಿಕ್ಕಿಕೊಳ್ಳದಿರಲಿ, ಲಿಫ್ಟ್ ಇಲ್ಲದಿದ್ದರೆ ನೆಲಮಹಡಿಯೇ ಸರಿ, ಒಳಗಿನ ಮಾತು ಹೊರಗೆ ಕೇಳದಿರಲಿ. ಗೋಡೆ ತೆಳುವಾಗಿದ್ದರೆ ಬಾಗಿಲ ಹೊರಗೆ ಸದ್ದು ಮಾಡುವ ಹಳೇ ಟೇಬಲ್ ಫ್ಯಾನ್ ಇಟ್ಟುಬಿಡಿ. ಬೋರ್ಡಿನ ಮೇಲೆ 'ಮಾನಸಿಕ' ಎಂಬ ಪದ ಬೇಡ. ಮುಂಬಯಿಯಲ್ಲಿ ಹುಚ್ಚು ಎಂದರೆ 'ಠಾಣೆಗೆ ಕಳಿಸ್ತೀನಿ' ಎನ್ನುತ್ತಾರೆ, ಪೊಲೀಸ್ ಠಾಣೆಯಲ್ಲ, ಪಕ್ಕದ ಠಾಣೆ ಊರು, 1901ರಿಂದ ಅಲ್ಲಿ ಮನೋರೋಗಗಳ ಆಸ್ಪತ್ರೆಯಿದೆ. ಪುಣೆಯವರಿಗೆ ಯೆರವಡಾ, ಉತ್ತರ ಕರ್ನಾಟಕದವರಿಗೆ ಧಾರವಾಡ, ಬೆಂಗಳೂರಿಗರಿಗೆ ನಿಮ್ಹಾನ್ಸ್. ಪ್ರತಿ ಊರಿನವರಿಗೂ ಬೈಯಲು ಒಂದು ಜಾಗದ ಹೆಸರು ಬೇಕು. ನಮ್ಮ ಬೋರ್ಡಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್, ಕನ್ನಡ, ಉರ್ದು ಐದರಲ್ಲೂ 'ಮಾತಾಡೋಣ ಬನ್ನಿ' ಎಂದಷ್ಟೇ ಇದೆ.

ಸಮಯ ಕೋಣೆಗಿಂತ ದೊಡ್ಡ ಅಡ್ಡಿ. ಹನ್ನೊಂದರಿಂದ ನಾಲ್ಕು ಎಂದರೆ ಬೆಳಗಿನ ಪಾಳಿಯವರು ಅಷ್ಟರಲ್ಲಿ ಕೆಲಸಕ್ಕೆ ಓಡಿರುತ್ತಾರೆ, ಸಂಜೆಯವರು ಇನ್ನೂ ಬಂದಿರುವುದಿಲ್ಲ. ವಾರಕ್ಕೆ ಒಂದು ದಿನ ಬೆಳಗ್ಗೆ ಏಳಕ್ಕೆ, ಒಂದು ದಿನ ಸಂಜೆ ಎಂಟರವರೆಗೆ ತೆರೆಯಿರಿ, ಉಳಿದ ದಿನ ಅಷ್ಟು ಹೊತ್ತು ಕಡಿಮೆ ಮಾಡಿಕೊಳ್ಳಿ. 'ಆನ್‌ಲೈನ್ ಮಾಡಿ, ಎಲ್ಲರಿಗೂ ಅನುಕೂಲ' ಎನ್ನುವವರಿಗೆ ಹತ್ತು ಅಡಿ ಹನ್ನೆರಡು ಅಡಿಯ ಖೋಲಿಯಲ್ಲಿ ಆರು ಜನ ಇರುವುದು ಗೊತ್ತಿಲ್ಲ. ನನ್ನೊಂದಿಗೆ ಫೋನಿನಲ್ಲಿ ಮಾತಾಡಲು ಒಬ್ಬಳು ಪ್ಲಾಟ್‌ಫಾರ್ಮಿನ ತುದಿಗೆ ಹೋಗುತ್ತಿದ್ದಳು, ಗಾಡಿ ಬಂದಾಗಲೆಲ್ಲ ಅಳು ನಿಲ್ಲಿಸಿ ಕಾಯುತ್ತಿದ್ದಳು. ಮನೆಯಲ್ಲಿ ಖಾಸಗಿತನವಿಲ್ಲದವರಿಗೆ ಕಾಲೇಜಿನಲ್ಲೇ ಒಂದು ಖಾಲಿ ಕೋಣೆ, ಬೇಕಾದರೆ ಬರೆದು ಮಾತಾಡುವ ಅವಕಾಶ, ಎರಡೂ ಇರಲಿ.

ಹೆಸರು ಕೇಳುವ ರೀತಿ

ಮಹಾರಾಷ್ಟ್ರದ ಫಾರ್ಮುಗಳಲ್ಲಿ ಅಡ್ಡಹೆಸರು ಮೊದಲು. ಅದನ್ನು ಓದಿದ ತಕ್ಷಣ ಜಾತಿ ಊಹಿಸುವ ಚಟ ನಮಗೆಲ್ಲ ಇದೆ, ಮತ್ತೆ ಮತ್ತೆ ತಪ್ಪಾಗುತ್ತದೆ. ಚವ್ಹಾಣ ಎಂದರೆ ಮರಾಠರೂ ಇರಬಹುದು, ವಿಜಯಪುರದ ತಾಂಡಾದ ಲಂಬಾಣಿಯೂ ಇರಬಹುದು. ಕಲಬುರಗಿ ಕಡೆಯ ಕೆಲವರಿಗೆ ಅಡ್ಡಹೆಸರೇ ಇರುವುದಿಲ್ಲ, ಶಾಲೆಯವರು ಊರ ಹೆಸರನ್ನೋ ಅಜ್ಜನ ಹೆಸರನ್ನೋ ತುಂಬಿರುತ್ತಾರೆ. ನಮ್ಮ ಫಾರ್ಮಿನಲ್ಲಿ ಮೊದಲ ಸಾಲು ಒಂದೇ: 'ನಿಮ್ಮನ್ನು ಏನೆಂದು ಕರೆಯಲಿ?' ಲಿಂಗದ ಕಾಲಂನಲ್ಲಿ ಗುರುತು ಹಾಕುವ ಚೌಕ ತೆಗೆದು ಖಾಲಿ ಗೆರೆ ಬಿಟ್ಟಿದ್ದೇವೆ. ಹೆಸರಿರುವ ಹಾಳೆ ಬೀಗದ ಕಪಾಟಿನಲ್ಲಿ, ಟಿಪ್ಪಣಿಯ ಹಾಳೆಯಲ್ಲಿ ಬರೀ ಸಂಕೇತ ಸಂಖ್ಯೆ.

ಭಾಷೆ: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ಕನ್ನಡದ ಹುಡುಗ ಬಂದರೆ ಕನ್ನಡದಲ್ಲಿ ಮಾತಾಡಿದರಾಯಿತು ಎಂದು ನಾನೂ ತಿಳಿದಿದ್ದೆ. ಎರಡನೇ ವರ್ಷ ಒಬ್ಬ ಹುಡುಗಿ ಬಂದಳು, ಹೆಸರು ಕೇಳಿದೊಡನೆ ಕರಾವಳಿಯವಳೆಂದು ತಿಳಿಯಿತು. ಉತ್ಸಾಹದಲ್ಲಿ 'ಊರು ಎಲ್ಲಿ ಮಾರಾಯ್ತಿ?' ಎಂದೆ. ಅವಳ ಮುಖ ಮುಚ್ಚಿಹೋಯಿತು. ಹತ್ತು ನಿಮಿಷ ಹವಾಮಾನ ಮಾತಾಡಿ ಎದ್ದು ಹೋದಳು. ತಿಂಗಳ ನಂತರ ಬೇರೆ ಕೌನ್ಸೆಲರ್ ಹತ್ತಿರ ಹಿಂದಿಯಲ್ಲಿ ಎಲ್ಲ ಹೇಳಿಕೊಂಡಳಂತೆ. ಕನ್ನಡ ಅವಳಿಗೆ ಬೈಗುಳದ ಭಾಷೆ, ಮನೆಯಲ್ಲಿ ಬಾಗಿಲು ಬಡಿಯುವ ಭಾಷೆ. ಮೇಲಾಗಿ ನಾನು ಊರಿನವಳು, ಅವಳ ಚಿಕ್ಕಪ್ಪ ಬರುವ ಸಂಘದ ಸಭೆಗೆ ನಾನೂ ಹೋಗುವವಳು. ಮುಂಬಯಿ ಕನ್ನಡಿಗರು ಸೇರುವ ಮಾಟುಂಗಾದಲ್ಲಿ ಭಾನುವಾರ ಬೆಳಗ್ಗೆ ಬಾಯಿಬಿಟ್ಟ ಮಾತು ಸಂಜೆಯೊಳಗೆ ಕುಂದಾಪುರ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಬೆಳೆದವರಿಗೆ ಸ್ವಂತ ಸಮುದಾಯದವರೇ ದೊಡ್ಡ ಭಯ.

ಅಂದಿನಿಂದ ನನ್ನ ಮೊದಲ ಪ್ರಶ್ನೆ: 'ಯಾವ ಭಾಷೆಯಲ್ಲಿ ಮಾತಾಡೋಣ? ಮಧ್ಯೆ ಬದಲಿಸಬಹುದು.' ಎರಡನೆಯದು: 'ನಾನು ಕನ್ನಡದವಳು, ನಿಮ್ಮ ಕಡೆಯ ಜನರ ಪರಿಚಯ ನನಗಿರಬಹುದು. ಬೇರೆಯವರ ಹತ್ತಿರ ಹೋಗಬೇಕು ಅನ್ನಿಸಿದರೆ ಹೇಳಿ, ನನಗೆ ಬೇಸರವಿಲ್ಲ.' ಇದನ್ನು ಹೇಳಲು ಹತ್ತು ಸೆಕೆಂಡು ಸಾಕು. ಕೆಲವರು ಹಾಯಾಗಿ ಕೂರುತ್ತಾರೆ, ಕೆಲವರು ನಿಜವಾಗಿಯೂ ಬೇರೆಯವರನ್ನು ಕೇಳುತ್ತಾರೆ. ಕೇಳಿದರೆ ಕಳಿಸಿ.

ಇನ್ನು ಮಾತಿನ ಅರ್ಥ. ಪುಸ್ತಕದ ಪ್ರಶ್ನಾವಳಿಯಲ್ಲಿ 'ಖಿನ್ನತೆ' ಇದೆ, ಯಾರ ಬಾಯಲ್ಲೂ ಅದಿಲ್ಲ. ಕರಾವಳಿಯವರು 'ಮಂಡೆಬೆಚ್ಚ' ಎನ್ನುತ್ತಾರೆ, 'ಮಂಡೆ ಹಾಳಾಗಿದೆ' ಎನ್ನುತ್ತಾರೆ. ಬಾಗಲಕೋಟೆಯ ಹುಡುಗನಿಗೆ 'ನಿದ್ದಿ ಹತ್ತವಲ್ದು', 'ಎದಿ ಡಬಡಬ ಅಂತೈತಿ'. ಎಲ್ಲರಿಗೂ 'ಟೆನ್ಶನ್'. ಹೊಟ್ಟೆ, ಎದೆ, ತಲೆಯ ದೂರಿನಿಂದಲೇ ಮಾತು ಶುರುವಾದರೆ ಅದನ್ನೇ ಹಿಡಿದು ಮುಂದುವರಿಯಿರಿ. ಒಂದು ಮಾತಿನಲ್ಲಿ ಮಾತ್ರ ಎಚ್ಚರ. ಯಾದಗಿರಿ ಕಡೆಯ ಹುಡುಗನೊಬ್ಬ 'ಏನಿಲ್ರಿ ಮೇಡಂ, ಜೀವಾ ಬ್ಯಾಸರಾಗ್ಯಾದ' ಎಂದ. ಈ ಮಾತು ಬಿಸಿಲಲ್ಲಿ ಬಸ್ಸಿಗೆ ಕಾಯುವಾಗಲೂ ಬರುತ್ತದೆ, ಸಾಯಬೇಕೆನ್ನಿಸಿದಾಗಲೂ ಬರುತ್ತದೆ. ಊಹಿಸಬೇಡಿ. ಅವನ ಮಾತಿನಲ್ಲೇ ಕೇಳಿ: 'ಕಾಲೇಜು ಬ್ಯಾಸರಾಗ್ಯಾದೋ, ಬದುಕೇ ಬ್ಯಾಸರಾಗ್ಯಾದೋ? ಸಾಯಬೇಕು ಅಂತ ಅನಸ್ತದೇನು?' ನೇರವಾಗಿ ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎನ್ನುವುದು ತಪ್ಪು ತಿಳಿವಳಿಕೆ. ಕೇಳಿದರೆ ಎದೆಯ ಭಾರ ಇಳಿಯುತ್ತದೆ.

'ಗಾಣಗಾಪುರಕ್ಕೆ ಹೋಗಿ ಬಂದೆವು', 'ದರ್ಗಾದಲ್ಲಿ ದಾರ ಕಟ್ಟಿಸಿದೆವು' ಎಂದರೆ ಮುಖ ಸಿಂಡರಿಸಬೇಡಿ. 'ಹೋಗಿ ಬಂದ ಮೇಲೆ ನಿದ್ದೆ ಹೇಗಿದೆ?' ಎಂದು ಕೇಳಿ. ಡಾಕ್ಟರ ಔಷಧಿ ನಿಲ್ಲಿಸದಿದ್ದರೆ ದಾರದಿಂದ ತೊಂದರೆಯೇನಿಲ್ಲ.

ನಿಮಗೆ ಬಾರದ ಭಾಷೆಯಾದರೆ ಮಾತು ದಾಟಿಸಲು ಸಹಪಾಠಿ, ತಮ್ಮ, ಅತ್ತೆಯ ಮಗ ಯಾರೂ ಬೇಡ. ಬೇರೆ ವಿಭಾಗದ ಅಧ್ಯಾಪಕರೊಬ್ಬರು ಒಪ್ಪಿದರೆ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿಸಿ, ವಿದ್ಯಾರ್ಥಿಯ ಪಕ್ಕ ಕೂರಿಸಿ. ನಡುವೆ ಕೂರಿಸಿದರೆ ವಿದ್ಯಾರ್ಥಿ ಅವರಿಗೇ ಉತ್ತರ ಕೊಡಲು ಶುರು ಮಾಡುತ್ತಾನೆ. ಯಾರೂ ಸಿಗದಿದ್ದರೆ ಟೆಲಿ ಮಾನಸ್ ಇದೆ, ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಈ ಉಚಿತ ಸಹಾಯವಾಣಿ ಹಗಲು ರಾತ್ರಿ ನಡೆಯುತ್ತದೆ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಮುಂಬಯಿಯ ಮಕ್ಕಳಿಗೆ ಇದು ಹೆಚ್ಚು ಗೊತ್ತಿಲ್ಲ, ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿಸಿ.

ಜಾತಿಯ ನೋವನ್ನು 'ಮನಸ್ಸಿನ ಸಮಸ್ಯೆ' ಮಾಡಬೇಡಿ

ಈ ಭಾಗದಲ್ಲಿ ನಮ್ಮಂಥ ಕೌನ್ಸೆಲರುಗಳ ಕೈಯಲ್ಲಿ ಆಗುವಷ್ಟು ಅನ್ಯಾಯ ಬೇರೆಲ್ಲೂ ಆಗುವುದಿಲ್ಲ. ಲ್ಯಾಬಿನಲ್ಲಿ ಯಾರೂ ಜೊತೆಗೆ ನಿಲ್ಲುವುದಿಲ್ಲ, 'ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ' ಎಂದು ಕ್ಲಾಸಿನಲ್ಲಿ ಕೂಗುತ್ತಾರೆ ಎಂದು ಒಬ್ಬ ಹೇಳಿದರೆ ನಮ್ಮ ಬಾಯಿಗೆ ಬರುವ ಮೊದಲ ಮಾತು 'ನೀನು ಅತಿಯಾಗಿ ಯೋಚಿಸ್ತಿದ್ದೀಯ'. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುತ್ತೇವೆ. ಆ ಹುಡುಗ ಮತ್ತೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಕ್ರಮ ಹೀಗಿರಲಿ. ಮೊದಲು ನಡೆದದ್ದು ನಡೆದಿದೆ ಎಂದು ನಂಬಿ ಕೇಳಿ. ದಿನಾಂಕ, ಜಾಗ, ಯಾರಿದ್ದರು ಎಂಬುದನ್ನು ಅವನೇ ಬರೆದಿಟ್ಟುಕೊಳ್ಳಲು ಹೇಳಿ. ಬಳಿಕ ಎರಡು ದಾರಿ ಬಿಡಿಸಿ ಹೇಳಿ: ನನ್ನೊಂದಿಗೆ ಮಾತಾಡುವುದು ಒಂದು, ದೂರು ಕೊಡುವುದು ಇನ್ನೊಂದು. ಎರಡನ್ನೂ ಮಾಡಬಹುದು, ಒಂದನ್ನೇ ಮಾಡಬಹುದು. ದೂರಿಗೆ ಸಮಾನ ಅವಕಾಶ ಕೋಶ, ರ‍್ಯಾಗಿಂಗ್ ಆಗಿದ್ದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮದಡಿಯ ಸಮಿತಿ ಮತ್ತು ಸಹಾಯವಾಣಿ 1800-180-5522, ಲೈಂಗಿಕ ಕಿರುಕುಳವಾದರೆ ಆಂತರಿಕ ಸಮಿತಿ. ಆಯ್ಕೆ ಅವನದು. ನೀವು ಆ ಸಮಿತಿಗಳಲ್ಲಿ ಸದಸ್ಯರಾಗಬೇಡಿ. ನನ್ನನ್ನು ಶಿಸ್ತು ಸಮಿತಿಗೆ ಹಾಕಿದ್ದರು, ಬಿಡಿಸಿಕೊಳ್ಳಲು ಒಂದೂವರೆ ವರ್ಷ ಬೇಕಾಯಿತು.

ಗಡಿ ದಾಟಿ ಬಂದ ನಮ್ಮವರಿಗೆ ಇನ್ನೊಂದು ತೊಡಕಿದೆ, ಮರಾಠಿ ಸಹೋದ್ಯೋಗಿಗಳಿಗೆ ಅದು ಹೊಳೆಯುವುದೇ ಇಲ್ಲ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಬೇರೆಯೇ ಪಟ್ಟಿಯಾದ ವಿಮುಕ್ತ ಜಾತಿ. ಒಂದು ರಾಜ್ಯದ ಪಟ್ಟಿಯಲ್ಲಿರುವ ಸ್ಥಾನ ಗಡಿ ದಾಟಿದವರ ಜೊತೆ ತಾನಾಗಿ ಬರುವುದಿಲ್ಲ. ಇಲ್ಲಿನ ವಿಮುಕ್ತ ಜಾತಿಯ ಪ್ರಮಾಣಪತ್ರಕ್ಕೆ ಕುಟುಂಬ 1961ಕ್ಕೂ ಮೊದಲೇ ಮಹಾರಾಷ್ಟ್ರದಲ್ಲಿತ್ತು ಎಂಬ ದಾಖಲೆ ಬೇಕು. ತೊಂಬತ್ತರ ದಶಕದಲ್ಲಿ ಬರಗಾಲಕ್ಕೆ ಅಂಜಿ, ಕೆಟ್ಟು ಪಟ್ಟಣ ಸೇರು ಎಂದು ಗಾರೆ ಕೆಲಸಕ್ಕೆ ಬಂದವರ ಮಗಳು ಆ ದಾಖಲೆ ಎಲ್ಲಿಂದ ತರಬೇಕು? ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಅವಳಿಗೆ ನಿದ್ದೆ ಬಾರದಿರುವುದಕ್ಕೆ ಕಾರಣ ತಲೆಯೊಳಗಿಲ್ಲ, ತಹಶೀಲ್ದಾರ್ ಕಚೇರಿಯಲ್ಲಿದೆ. ಆದ್ದರಿಂದ ಸ್ಕಾಲರ್‌ಶಿಪ್ ನೋಡುವ ಗುಮಾಸ್ತರೊಡನೆ ಗೆಳೆತನ ಬೆಳೆಸಿ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಅರ್ಜಿಗಳ ಮಹಾಡಿಬಿಟಿ ಪೋರ್ಟಲಿನಲ್ಲಿ ಅರ್ಜಿ ಎಲ್ಲಿ ನಿಂತಿದೆ ಎಂದು ನೋಡಲು ಕಲಿಯಿರಿ. ಫೀಸಿಗೆ ಕಂತು ಕೊಡಿಸಲು ಪ್ರಿನ್ಸಿಪಾಲರ ಹತ್ತಿರ ಹೋಗಿ. ನಮ್ಮ ಮುಂಬಯಿಯ ಕನ್ನಡ, ತುಳು ಸಂಘಗಳು ವಿದ್ಯಾರ್ಥಿವೇತನ ಕೊಡುವುದರಲ್ಲಿ ಧಾರಾಳಿಗಳು. ಆದರೆ ಹೆಚ್ಚಿನ ಹಣ ಆಯಾ ಜಾತಿಯ ಸಂಘದಿಂದ ಆಯಾ ಜಾತಿಯ ಮಕ್ಕಳಿಗೆ ಹೋಗುತ್ತದೆ. ಸಂಘವಿಲ್ಲದ ಜಾತಿಯ ಮಕ್ಕಳ ಪಟ್ಟಿ ನಿಮ್ಮ ಹತ್ತಿರ ಇರಲಿ, ಹೆಸರು ಹೇಳದೆ ಪದಾಧಿಕಾರಿಗಳನ್ನು ಕೇಳಿ. ನಾನು ಕೇಳಿದ್ದೇನೆ, ಇಬ್ಬರು ಕೊಟ್ಟರು, ಒಬ್ಬರು 'ಅವರು ಯಾವ ಪೈಕಿ?' ಎಂದರು.

ಗಂಡು, ಹೆಣ್ಣು ಮತ್ತು ಅದರಾಚೆ

ಮಗನ ಒಲವು ಗಂಡಿನ ಕಡೆ ಎಂದು ತಿಳಿದ ಅಪ್ಪ-ಅಮ್ಮ ಅವನನ್ನು ಕರೆತಂದು 'ಇವನನ್ನು ಸರಿ ಮಾಡಿ ಮೇಡಂ' ಎನ್ನುವ ದಿನ ಬಂದೇ ಬರುತ್ತದೆ. ಆಗ ತಡವರಿಸದಿರಲು ಉತ್ತರ ಮೊದಲೇ ಸಿದ್ಧವಿರಲಿ. ನಾನು ಹೇಳುವುದು: 'ಇದು ಕಾಯಿಲೆ ಅಲ್ಲ, ಅದಕ್ಕೆ ಔಷಧಿಯೂ ಇಲ್ಲ. ಅವನಿಗೆ ನಿದ್ದೆ, ಊಟ, ಓದು ಕೆಟ್ಟಿದ್ದರೆ ಅದಕ್ಕೆ ನಾನಿದ್ದೇನೆ. ನಿಮಗೆ ಭಯ ಇದ್ದರೆ ನಿಮ್ಮ ಹತ್ತಿರವೂ ಬೇರೆಯಾಗಿ ಮಾತಾಡ್ತೇನೆ.' ತೃತೀಯ ಲಿಂಗಿಗಳ ಗುರುತನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು 2014ರಲ್ಲಿ, ಸಲಿಂಗ ಸಂಬಂಧ ಅಪರಾಧವಲ್ಲ ಎಂದದ್ದು 2018ರ ಸೆಪ್ಟೆಂಬರ್ 6ರಂದು. ಒಲವನ್ನು ಬದಲಿಸುತ್ತೇವೆಂಬ 'ಚಿಕಿತ್ಸೆ' ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಊರಿಂದ ಬಂದ ತಂದೆಗೆ ನನಗಿಂತ ಈ ಮೂರನೆಯದು ಹೆಚ್ಚು ನಾಟುತ್ತದೆ, 'ದೊಡ್ಡ ಡಾಕ್ಟರುಗಳೇ ಮಾಡಬಾರದು ಅಂದಿದ್ದಾರಂತೆ' ಎಂದು ಮನೆಯಲ್ಲಿ ಹೇಳಬಹುದಲ್ಲ.

ವಿದ್ಯಾರ್ಥಿ ಒಂಟಿಯಾಗಿದ್ದರೆ 1994ರಿಂದ ಮುಂಬಯಿಯಲ್ಲಿ ಕೆಲಸ ಮಾಡುತ್ತಿರುವ ಹಮ್‌ಸಫರ್ ಟ್ರಸ್ಟ್ ಇದೆ. ನೀವೇ ಕಲಿಯಬೇಕಾದರೆ ಇದೇ ನಗರದ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಕೌನ್ಸೆಲರುಗಳಿಗೆ ಈ ವಿಷಯದ ತರಬೇತಿ ನಡೆಸುತ್ತದೆ. ಒಂದು ಎಚ್ಚರಿಕೆ: ಕೋಣೆಯಲ್ಲಿ ಅವನು ಹೇಳಿದ ಹೆಸರಿನಿಂದ ಕರೆಯಿರಿ, ಮನೆಗೆ ಫೋನ್ ಮಾಡಬೇಕಾದಾಗ ಯಾವ ಹೆಸರು ಬಳಸಬೇಕೆಂದು ಅವನನ್ನೇ ಕೇಳಿಟ್ಟುಕೊಳ್ಳಿ. ಇಲ್ಲಿ ತಪ್ಪಿದರೆ ಗುಟ್ಟು ರಟ್ಟಾಗುತ್ತದೆ.

ಅಂಗವೈಕಲ್ಯ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸುತ್ತದೆ. ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಎರಡೂ ಅದರಲ್ಲಿವೆ. ಇಂಗ್ಲಿಷ್ ಮೀಡಿಯಂ ಮಕ್ಕಳ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದ ತೊಡಕು, ಎಷ್ಟೋ ಸಲ ಚಿಕ್ಕ ತರಗತಿಯಲ್ಲೇ ಪತ್ತೆಯಾಗುತ್ತದೆ. ಕನ್ನಡ, ಮರಾಠಿ ಶಾಲೆಯಿಂದ ಬಂದವನು 'ದಡ್ಡ' ಎನ್ನಿಸಿಕೊಂಡೇ ಪದವಿಗೆ ಬಂದಿರುತ್ತಾನೆ. ಬುದ್ಧಿ ಚುರುಕಾಗಿದ್ದೂ ಬರೆಯುವಾಗ ಮಾತ್ರ ಕುಸಿಯುವವರನ್ನು ಗಮನಿಸಿ ಸಯನ್ ಆಸ್ಪತ್ರೆಯ ಕಲಿಕಾ ತೊಂದರೆಗಳ ಕ್ಲಿನಿಕ್ಕಿಗೆ ಚೀಟಿ ಬರೆದುಕೊಡಿ. ಪ್ರಮಾಣಪತ್ರಕ್ಕೆ ತಿಂಗಳುಗಟ್ಟಲೆ ಬೇಕಾಗುತ್ತದೆ, ಜುಲೈನಲ್ಲೇ ಶುರು ಮಾಡಿ. ಕೇಂದ್ರದ ಮಾರ್ಗಸೂಚಿ ಅರ್ಹರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಮತ್ತು ಬರೆದುಕೊಡುವವರ ಸಹಾಯ ಹೇಳುತ್ತದೆ. ಕಿವಿ ಕೇಳದವರೊಡನೆ ಕಾಗದ, ಟೈಪಿಂಗ್ ಯಾವುದು ಹಿತವೋ ಅದನ್ನು ಅವರೇ ಹೇಳಲಿ. ನಾಲಿಗೆ ಎಳೆದೆಳೆದು ಜೋರಾಗಿ ಮಾತಾಡುವ ನಮ್ಮ ಅಭ್ಯಾಸ ಅವರಿಗೆ ಏನೂ ಸಹಾಯ ಮಾಡದು.

ಮನೆಯವರು, ಗೋಪ್ಯತೆ ಮತ್ತು ಅದರ ಗಡಿ

'ನನ್ನ ಮಗಳು ನಿಮ್ಮ ಹತ್ತಿರ ಏನು ಹೇಳಿದಳು?' ಎಂದು ತಂದೆ ಬಂದು ಕೂರುತ್ತಾರೆ, ಕೆಲವೊಮ್ಮೆ ಟ್ರಸ್ಟಿಯ ಶಿಫಾರಸಿನೊಂದಿಗೆ. ಹದಿನೆಂಟು ದಾಟಿದವಳ ಒಪ್ಪಿಗೆಯಿಲ್ಲದೆ ಒಂದಕ್ಷರವೂ ಹೇಳಬೇಡಿ. ಬಂದವರಿಗೆ ಚಹಾ ಕೊಡಿ, ಅವರ ಆತಂಕ ಕೇಳಿ, 'ಅವಳ ಮಾತು ನನ್ನ ಹತ್ತಿರ ಠೇವಣಿ ಇಟ್ಟ ಹಾಗೆ. ಅವಳು ಒಪ್ಪಿದರೆ ಮೂವರೂ ಕೂತು ಮಾತಾಡೋಣ' ಎನ್ನಿ. ಹೋಟೆಲು, ಅಂಗಡಿ ನಡೆಸುವವರಿಗೆ ಠೇವಣಿಯ ಮಾತು ತಟ್ಟನೆ ಅರ್ಥವಾಗುತ್ತದೆ.

ಆದರೆ 'ಏನೇ ಹೇಳಿದರೂ ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ, ಅದು ಸುಳ್ಳು. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕು. ಹದಿನೆಂಟರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ ಪೋಕ್ಸೋ ಕಾಯ್ದೆಯಂತೆ ವರದಿ ಕಡ್ಡಾಯ, ಜೂನಿಯರ್ ಕಾಲೇಜು ಇರುವಲ್ಲಿ ಇದು ಪದೇ ಪದೇ ಎದುರಾಗುತ್ತದೆ. ಈ ಗಡಿಯನ್ನು ಮೊದಲ ಭೇಟಿಯ ಮೊದಲ ಐದು ನಿಮಿಷದಲ್ಲೇ ಹೇಳಿ. ಹೇಳಿಕೊಂಡಾದ ಮೇಲೆ ತಿಳಿಸಿದರೆ ಅದು ಬಲೆ ಬೀಸಿದಂತೆ.

ಅಪಾಯದ ದಿನ

ಸಾಯುವ ಮಾತು ಗಟ್ಟಿಯಾಗಿದ್ದರೆ ವಿದ್ಯಾರ್ಥಿಯನ್ನು ಒಬ್ಬನೇ ರೈಲು ಸ್ಟೇಷನ್ನಿಗೆ ಕಳಿಸಬೇಡಿ. ಈ ನಗರದಲ್ಲಿ ಇದಕ್ಕಿಂತ ಮುಖ್ಯವಾದ ನಿಯಮ ನನಗೆ ಗೊತ್ತಿಲ್ಲ. ಯಾರನ್ನು ಕರೆಯಲಿ ಎಂದು ಅವನನ್ನೇ ಕೇಳಿ. ಅಪ್ಪನೇ ಕಾರಣವಾಗಿದ್ದರೆ ಅತ್ತೆ, ಅಣ್ಣ, ರೂಮಿನ ಗೆಳೆಯ ಯಾರಾದರೂ ಸರಿ. ಬರುವವರೆಗೆ ಜೊತೆಗಿರಿ. ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಮನೋವೈದ್ಯ ವಿಭಾಗಕ್ಕೆ ಕೇಸ್ ಪೇಪರ್ (ಆಸ್ಪತ್ರೆಯ ಚೀಟಿ) ಮಾಡಿಸಿ ಜೊತೆಗೇ ಹೋಗಿ, ಖಾಸಗಿ ಡಾಕ್ಟರ ಫೀಸು ಎಲ್ಲರಿಗೂ ಆಗುವುದಿಲ್ಲ. ತುರ್ತಿಗೆ 112. 'ಪೊಲೀಸ್ ಕೇಸ್ ಆಗುತ್ತೆ' ಎಂಬ ಹೆದರಿಕೆಯಿಂದ ಮನೆಯವರು ಆಸ್ಪತ್ರೆ ತಪ್ಪಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಶಿಕ್ಷೆಗೆ ಗುರಿಪಡಿಸುವಂತಿಲ್ಲ. ಇದನ್ನು ಅವರ ಭಾಷೆಯಲ್ಲಿ ಹೇಳಿ.

ಸಿಬ್ಬಂದಿ

ತರಬೇತಿಗೆ ಪ್ರೊಫೆಸರರನ್ನು ಮಾತ್ರ ಕೂರಿಸುತ್ತಾರೆ. ವಾಚ್‌ಮನ್, ಪ್ಯೂನ್, ಲೇಡೀಸ್ ರೂಮಿನ ಕೆಲಸದಾಕೆ, ಕ್ಯಾಂಟೀನಿನ ಅಣ್ಣ, ಇವರನ್ನು ಮೊದಲು ಕರೆಯಿರಿ. ಅಳುವ ಮಕ್ಕಳನ್ನು ಮೊದಲು ನೋಡುವವರು ಅವರೇ. 'ಕಾನಡಿ' ಎಂದು ಮೂಗು ಮುರಿಯುವ, ಬುರ್ಖಾ ನೋಡಿ ಗುಣಗುಟ್ಟುವ, ಈಶಾನ್ಯದ ಹುಡುಗಿಗೆ ಯಾವುದೋ ದೇಶದ ಹೆಸರಿಡುವ ಮಾತುಗಳು ಸ್ಟಾಫ್ ರೂಮಿನಿಂದಲೂ ಬರುತ್ತವೆ, ಆ ಉದಾಹರಣೆಗಳನ್ನೇ ತರಬೇತಿಯಲ್ಲಿ ಬಳಸಿ. ಹೊಸ ಕೌನ್ಸೆಲರ್ ನೇಮಿಸುವಾಗ ನಿಮ್ಮಂತೆ ಇಲ್ಲದವರನ್ನು ಹುಡುಕಿ. ನಾವಿಬ್ಬರೂ ಹೆಂಗಸರಾಗಿದ್ದೆವು, ಮೂರನೆಯವರಾಗಿ ಉರ್ದು, ಮರಾಠಿ ಬಲ್ಲ ಯುವಕ ಬಂದ ಮೇಲೆ ಹುಡುಗರು ಬರಲು ಶುರು ಮಾಡಿದರು. ಇಷ್ಟು ಸರಳವಾದದ್ದು ನಮಗೆ ಆರು ವರ್ಷ ತಿಳಿದಿರಲಿಲ್ಲ.

ಪ್ರತಿ ಏಪ್ರಿಲ್‌ನಲ್ಲಿ ರಿಜಿಸ್ಟರ್ ಮತ್ತೆ ತೆಗೆಯುತ್ತೇನೆ. ಒಮ್ಮೆ ಬಂದು ಮತ್ತೆ ಬಾರದವರ ಲೆಕ್ಕವನ್ನು ಬೇರೆಯಾಗಿ ಹಾಕುತ್ತೇನೆ, ತಪ್ಪು ಅಲ್ಲೇ ಸಿಗುತ್ತದೆ. ಹೋದ ವರ್ಷದ ಸೊನ್ನೆ ಸಂಜೆ ಪಾಳಿಯದು. ಜೂನ್‌ನಿಂದ ಮಂಗಳವಾರ ರಾತ್ರಿ ಎಂಟರವರೆಗೆ ಕೂರಲು ಶುರು ಮಾಡಿದೆ. ಮೂರು ವಾರ ಯಾರೂ ಬರಲಿಲ್ಲ, ನಾನು ಸ್ವೆಟರ್ ಹೆಣೆದೆ. ನಾಲ್ಕನೇ ಮಂಗಳವಾರ ಹೋಟೆಲಿನ ಅಂಗಿಯಲ್ಲೇ ಒಬ್ಬ ಹುಡುಗ ಬಾಗಿಲಲ್ಲಿ ನಿಂತು, 'ಅಕ್ಕಾ, ಫೋನ್ ಚಾರ್ಜಿಗೆ ಹಾಕ್ಲಾ?' ಎಂದ. ಪ್ಲಗ್ ತೋರಿಸಿದೆ. ಈಗ ಮಂಗಳವಾರಕ್ಕೆಂದು ಎರಡು ಚಾರ್ಜರ್ ಇಟ್ಟುಕೊಂಡಿದ್ದೇನೆ.